ಒಡೆಯದ ಗಾಜಿನ ಸುಳ್ಳು

ಮುಂದೆ ಬರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಮ್ಮ ಮನೆಯ ಚಾವಣಿ ಕಳಚಿ ನನ್ನ ನೆತ್ತಿಯ ಮೇಲೆ ಬೀಳಲಿ. ಅದು ಬಾಡಿಗೆ ಮನೆ ಎಂಬ ಸಂಗತಿಯನ್ನು ಇಲ್ಲಿ ಯಾರೂ ಗಣನೆಗೆ ತೆಗೆದುಕೊಳ್ಳಬಾರದು.

ಕ್ಯೂಬಕ್ಕ ಏಣಿಯ ಏಳನೇ ಮೆಟ್ಟಿಲ ಮೇಲೆ ನಿಂತು ಗೋಡೆಯನ್ನು ಮೂಸುತ್ತಿದ್ದಳು.

ಕೆಳಗೆ ಮೂವತ್ತೊಂದು ವಿದ್ಯಾರ್ಥಿಗಳು ಕತ್ತೆತ್ತಿ ನಿಂತಿದ್ದರು. ಒಬ್ಬರೂ ನಗಲಿಲ್ಲ. ಎಂಟು ತಿಂಗಳ ಹಿಂದೆ ಇದೇ ಮಕ್ಕಳು ಗೋಡೆ ಮೂಸುವ ಮೇಡಂ ಎಂದು ಬಿದ್ದು ಬಿದ್ದು ನಕ್ಕಿದ್ದರು. ಈಗ ಅವರೇ ಕಂಡ ಕಂಡ ಗೋಡೆ ಮೂಸುತ್ತಾರೆ. ಹೋದ ವಾರ ಒಬ್ಬ ಬಸ್ ನಿಲ್ದಾಣದ ಕಂಬ ಮೂಸಿದ್ದನ್ನು ನೋಡಿ ಇಬ್ಬರು ಪ್ರಯಾಣಿಕರು ಬಸ್ಸನ್ನೇ ಬದಲಾಯಿಸಿದರಂತೆ.

ಹೊರಗೆ, ಇದೇ ಪೂರ್ವದ ಗೋಡೆಗೆ ಹೊಂದಿಕೊಂಡು ತೋಡಿದ್ದ ಗುಂಡಿಯಲ್ಲಿ, ನೀರೆತ್ತುವ ಪಂಪು ಡುಗುಡುಗು ಎನ್ನುತ್ತಲೇ ಇತ್ತು. ಹೊಸ ಕಟ್ಟಡಕ್ಕೆ ಪಾಯ. ಆ ಸದ್ದು ಅಭ್ಯಾಸವಾಗಿ ಯಾರ ಕಿವಿಗೂ ಬೀಳುತ್ತಿರಲಿಲ್ಲ.

"ತೇವದ ವಾಸನೆ ಏನಾದ್ರೂ ಬಂತಾ ಮೇಡಂ?" ಎಂದು ಕೆಳಗಿನಿಂದ ಒಬ್ಬಳು ಕೇಳಿದಳು.

"ನೆಗಡಿ ಬಂತು," ಎಂದು ಕ್ಯೂಬಕ್ಕ ಇಳಿದಳು.

ಸೋಮವಾರ ಬೆಳಿಗ್ಗೆ ಈ ಗೋಡೆಯ ಬಿರುಕಿನ ಮೇಲಿನ ಏಳು ಗಾಜುಗಳಲ್ಲಿ ಮೂರು ಒಡೆದಿದ್ದವು. ಇವತ್ತು ಗುರುವಾರ. ನಡುವಿನ ಮೂರು ರಾತ್ರಿ ಕ್ಯೂಬಕ್ಕ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ.

ಆ ಗಾಜೆಂದರೆ ಏನು ಮಹಾ? ಸೂಕ್ಷ್ಮದರ್ಶಕದ ಕೆಳಗೆ ಇಡುವ ತೆಳ್ಳನೆಯ ಪಟ್ಟಿ. ಬಿರುಕಿನ ಈ ದಡಕ್ಕೊಂದು ಆ ದಡಕ್ಕೊಂದು ಸುಣ್ಣದ ಗಾರೆಯ ಬಿಲ್ಲೆ ಮೆತ್ತಿ, ಸೇತುವೆಯ ಹಾಗೆ ಅದರ ಮೇಲೆ ಪಟ್ಟಿ ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಫಟ್ ಎನ್ನುತ್ತದೆ. ಗೋಡೆ ಬಾಯಿ ಬಿಟ್ಟು ಹೇಳದ್ದನ್ನು ಗಾಜು ಹೇಳುತ್ತದೆ. ಮಕ್ಕಳು ದಿನಾ ಒಂಬತ್ತು ಗಂಟೆಗೆ ಬಂದು ಏಳನ್ನೂ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಎಂಟು ತಿಂಗಳಿಂದ ಒಂದೇ ಮಾತು: ಬದಲಾವಣೆ ಇಲ್ಲ, ಬದಲಾವಣೆ ಇಲ್ಲ.

ಹಾಗಿದ್ದ ಗೋಡೆ ಒಂದೇ ಭಾನುವಾರ ಮೂರು ಕಡೆ ನರಳುತ್ತದೆಯೇ?

ಇಂದು ನಾಲ್ಕು ಗಂಟೆಗೆ ಪ್ರಿನ್ಸಿಪಾಲರು ಕಾಗದಕ್ಕೆ ರುಜು ಹಾಕುವವರಿದ್ದರು. ರುಜು ಬಿದ್ದರೆ ಎಂಜಿನಿಯರಿಂಗ್ ಕಾಲೇಜಿನ ಈ ಹಳೆಯ ಡ್ರಾಯಿಂಗ್ ಹಾಲು ನೆಲಸಮ. ಎರಡು ಮೊಳ ದಪ್ಪದ ಇಟ್ಟಿಗೆ ಗೋಡೆ, ಒಂದು ಚಮಚೆ ಸಿಮೆಂಟು ಕಾಣದ ಗಾರೆ, ಹಡಗಿನ ಹೊಟ್ಟೆಯಂಥ ಮರದ ಚಾವಣಿ, ನೂರು ವರ್ಷ ಎಂಜಿನಿಯರುಗಳು ಮೊಣಕೈ ಊರಿ ಸವೆಸಿದ ಮೇಜುಗಳು, ಎಲ್ಲ. ಅದರ ಜೊತೆಗೆ 'ಹಳೆಯ ಕಟ್ಟಡಗಳ ಸಂರಕ್ಷಣೆ' ಎಂಬ ಪಾಠವೂ ಹೋಗುತ್ತಿತ್ತು. ಪ್ರಯೋಗಶಾಲೆ ಇಲ್ಲದ ವಿಷಯ ಕಲಿಸುವ ಹಾಗಿಲ್ಲ ಎಂಬುದು ನಿಯಮ; ಆ ಪಾಠಕ್ಕೆ ಈ ಹಾಲೇ ಪ್ರಯೋಗಶಾಲೆ, ಪಠ್ಯಪುಸ್ತಕ, ರೋಗಿ, ಮೇಷ್ಟ್ರು.

ಈ ಪಾಠ ಕ್ಯೂಬಕ್ಕನ ಪಾಲಿಗೆ ಬಂದದ್ದೇ ಬೇರೆ ಯಾರೂ ಬೇಡವೆಂದದ್ದರಿಂದ. ಇಪ್ಪತ್ತೆರಡು ವರ್ಷ ಅವಳು ಪರೀಕ್ಷಾ ಪ್ರಯೋಗಶಾಲೆಯಲ್ಲಿ ಕಾಂಕ್ರೀಟಿನ ಘನಗಳನ್ನು, ಅಂದರೆ ಕ್ಯೂಬುಗಳನ್ನು, ಯಂತ್ರದಲ್ಲಿಟ್ಟು ಪುಡಿ ಮಾಡಿದವಳು. ಹೆಸರು ಬಂದದ್ದೂ ಅದರಿಂದಲೇ. ಒಡೆಯುವುದೇ ಕಸುಬಾದವಳ ಕೈಗೆ ಉಳಿಸುವ ಕೆಲಸ ಕೊಟ್ಟರು. ಮೊದಲ ತಿಂಗಳು ಅವಳು ಬೈದುಕೊಂಡಳು. ಎರಡನೇ ತಿಂಗಳು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದಳು. ಮೂರನೆಯ ತಿಂಗಳಿಂದ ಮನೆಯಲ್ಲಿ ಗಂಡನ ಊಟಕ್ಕಿಂತ ಹಾಲಿನ ತೇವದ ಲೆಕ್ಕವೇ ಹೆಚ್ಚಾಯಿತು. ಗಂಡ ಮರ್ಯಾದಸ್ಥ, ತಾನೇ ಅಡುಗೆ ಕಲಿತುಕೊಂಡ.

"ಮೂರು ಗಾಜನ್ನೂ ಮತ್ತೆ ನೋಡಿ," ಎಂದು ಕ್ಯೂಬಕ್ಕ ಮಕ್ಕಳಿಗೆ ಹೇಳಿದಳು. "ಎರಡು, ಐದು, ಆರು. ಸುತ್ತಿಗೆ ಏಟು ಬಿದ್ದ ಗಾಜು ಹೇಗೆ ಒಡೆಯುತ್ತೆ?"

ಜೇಡನ ಬಲೆಯ ಹಾಗೆ, ಎಂದು ಹತ್ತು ಗಂಟಲು ಒಟ್ಟಿಗೆ ಹೇಳಿದವು.

"ಇವು?"

ಮೂರರಲ್ಲೂ ನಡುವೆ ಒಂದೇ ಒಂದು ಗೆರೆ. ಶಾಲೆಯ ಪೆನ್ಸಿಲಿನಲ್ಲಿ ಎಳೆದ ಹಾಗೆ.

ಅಂದಮೇಲೆ ಯಾರೋ ಸುತ್ತಿಗೆಯಿಂದ ಹೊಡೆದಿಲ್ಲ. ಒಂದೋ ಗೋಡೆಯೇ ಒಡೆದಿರಬೇಕು, ಇಲ್ಲವೇ ಯಾರೋ ಬುದ್ಧಿವಂತ ಹಳೆಯ ಗಾಜು ಕಿತ್ತು, ಅಂದವಾಗಿ ಮುರಿದ ಇನ್ನೊಂದನ್ನು ಹೊಸ ಗಾರೆಯಲ್ಲಿ ಕೂರಿಸಿರಬೇಕು. ಕ್ಯೂಬಕ್ಕನಿಗೆ ಎರಡನೆಯದರ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಬುದ್ಧಿವಂತ ಯಾರೆಂಬ ಬಗ್ಗೆಯೂ ಇರಲಿಲ್ಲ.

ಹಾಲಿಗೆ ಇದ್ದದ್ದು ಮೂರು ಕೀಲಿ. ಒಂದು ಪ್ರಿನ್ಸಿಪಾಲರದು, ಅವರು ಕುರ್ಚಿಯ ಮೇಲೆ ಹತ್ತಿ ನಿಂತರೂ ತಲೆ ತಿರುಗುವ ಮನುಷ್ಯ, ಏಣಿಯ ಮಾತು ದೂರ. ಎರಡನೆಯದು ಅವಳದೇ. ಅದನ್ನು ಬೆಳಗಿನ ಆರು ಗಂಟೆಗೆ ಅವಳ ಮಾವ ಒಯ್ಯುತ್ತಿದ್ದರು. ಮಾವ ಐವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಪ್ರತಿ ಗುರುವಾರ ಮಕ್ಕಳಿಗೆ ಸುಣ್ಣ ಕಲಸುವುದು, ಕಮಾನು ಕಟ್ಟುವುದು ಕಲಿಸಲು ಕಾಲೇಜು ಅವರನ್ನು ಗಂಟೆಯ ಲೆಕ್ಕದಲ್ಲಿ ಕರೆಸಿಕೊಂಡಿತ್ತು. ಉಳಿದ ದಿನ ಅವರು ಮಕ್ಕಳು ಕಟ್ಟಿದ ಕಮಾನಿಗೆ ನೀರುಣಿಸಿ, ಕೀಲಿಯನ್ನು ಸೊಸೆಯ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಆದರೆ ಹೋದ ಶುಕ್ರವಾರದಿಂದ ಬುಧವಾರದ ತನಕ ಮಾವ ಜ್ವರದಲ್ಲಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಕ್ಯೂಬಕ್ಕನೇ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ಸಿಗದು.

ಉಳಿದದ್ದು ಮೂರನೆಯ ಕೀಲಿ. ಅದು ಸಿಮೆಂಟು ಸರ್ ಅವರದು.

ಸಿಮೆಂಟು ಸರ್ ಕಟ್ಟಡ ವಿಭಾಗದ ಮುಖ್ಯಸ್ಥರು. ಪಕ್ಕದ ಗುಂಡಿ, ಆ ಪಂಪು, ಬರಲಿರುವ ಹೊಸ ಕಟ್ಟಡ ಎಲ್ಲ ಅವರ ಉಸ್ತುವಾರಿ. ಸಿಮೆಂಟಿನ ಮೇಲೆ ಅವರಿಗಿರುವ ಪ್ರೀತಿ ಹೆತ್ತ ಮಕ್ಕಳ ಮೇಲೂ ಇಲ್ಲ ಎಂದು ಆ ಮಕ್ಕಳೇ ಹೇಳುತ್ತಾರೆ. ಅವರ ಮನೆಯ ನಾಯಿಗೂಡಿಗೆ ಆರು ಕಂಬ, ಪ್ರತಿ ಕಂಬದಲ್ಲೂ ಹೆಬ್ಬೆರಳು ಗಾತ್ರದ ಕಬ್ಬಿಣ. ನಾಯಿ ಸತ್ತು ಒಂಬತ್ತು ವರ್ಷವಾಯಿತು. ಗೂಡು ಒಡೆಯಲು ಬಂದ ಮೂರನೆಯ ಗುತ್ತಿಗೆದಾರನೂ ಮುಂಗಡ ವಾಪಸು ಕೊಟ್ಟು ಹೋಗಿದ್ದಾನೆ.

ಹಾಲು ಬಿದ್ದರೆ ಹೊಸ ಕಟ್ಟಡಕ್ಕೆ ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಕಾರಣ ಬೇಕಿದ್ದರೆ ಇದಕ್ಕಿಂತ ಕೊಬ್ಬಿದ ಕಾರಣ ಎಲ್ಲಿ ಸಿಗುತ್ತದೆ?

ಕ್ಯೂಬಕ್ಕ ಚೀಲದಿಂದ ಒಂದು ಸಿಂಪಡಿಸುವ ಶೀಷೆ ತೆಗೆದಳು. ಒಳಗೆ ನೀರಿನಂಥದೇ ದ್ರವ. ಮಕ್ಕಳು ಅದಕ್ಕೆ ಗುಲಾಬಿ ನೀರು ಎನ್ನುತ್ತಿದ್ದರು. ಹೊಸ ಗಾರೆಯ ಮೇಲೆ ಬಿದ್ದರೆ ಅದು ಕಡು ಗುಲಾಬಿಯಾಗುತ್ತದೆ. ತಿಂಗಳುಗಟ್ಟಲೆ ಗಾಳಿ ಕುಡಿದು ಕಲ್ಲಾದ ಹಳೆಯ ಗಾರೆಯ ಮೇಲೆ ಬಿದ್ದರೆ ನೀರು ನೀರೇ. ಎಂಟು ತಿಂಗಳ ಬಿಲ್ಲೆಯಾದರೆ ಬಿಳಿ. ಭಾನುವಾರದ ಬಿಲ್ಲೆಯಾದರೆ ಗುಲಾಬಿ. ಗೋಡೆ ಸುಳ್ಳು ಹೇಳಬಹುದು, ಮನುಷ್ಯ ಹೇಳಬಹುದು, ಈ ನೀರು ಹೇಳುವುದಿಲ್ಲ.

"ಆದ್ರೆ ಮೇಡಂ," ಎಂದಿತು ಒಂದು ದನಿ.

ಈ ದನಿಯ ಒಡತಿಗೆ ತರಗತಿಯಲ್ಲಿ 'ಆದ್ರೆ' ಎಂದೇ ಹೆಸರು. ಹುಟ್ಟಿದಾಗ ಅತ್ತಿರಲಿಲ್ಲವಂತೆ, "ಆದ್ರೆ" ಎಂದಿದ್ದಳಂತೆ.

ಮೊದಲು ನಾವೇ ಒಂದು ಸಲ ಪರೀಕ್ಷೆ ಮಾಡಿ ನೋಡಬಾರದೇ ಎಂದು ಅವಳ ಪ್ರಶ್ನೆ. ಬೇಡ, ಎಂದಳು ಕ್ಯೂಬಕ್ಕ. ಮುಚ್ಚಿದ ಬಾಗಿಲ ಹಿಂದೆ ಮಾಡಿದರೆ ನಾವೇ ಬಣ್ಣ ಹಚ್ಚಿದೆವು ಎನ್ನುತ್ತಾರೆ. ಅವರ ಎದುರಿಗೇ ಆಗಬೇಕು. ಮಾತು ಸರಿಯಾಗಿಯೇ ಇತ್ತು. ಆದರೆ ಸಿಮೆಂಟು ಸರ್ ಮುಖದ ಬಣ್ಣ ಬದಲಾಗುವುದನ್ನು ನೋಡಬೇಕೆಂಬ ಆಸೆಯೂ ಒಳಗೆ ಕುಣಿಯುತ್ತಿತ್ತು. ಅದನ್ನವಳು ಹೇಳಲಿಲ್ಲ.

ಆಗ ಹಿಂಬಾಗಿಲಿನಿಂದ ಮಾವ ಬಂದರು. ಜ್ವರದಿಂದೆದ್ದ ಮುಖ, ಕೈಯಲ್ಲಿ ಹಳೆಯ ಉಪಕರಣದ ಚೀಲ. ಕೆಳಗಿಟ್ಟಾಗ ಚೀಲ ಕಿಣಿಕಿಣಿ ಎಂದಿತು. ಸೊಸೆಯನ್ನು ಕಂಡು ತಲೆಯಾಡಿಸಿ, ಹಿಂದಿನ ಚಪ್ಪರದಲ್ಲಿದ್ದ ಕಮಾನಿನತ್ತ ಹೊರಟರು. ಆರು ದಿನ ನೀರಿಲ್ಲದೆ ಅದು ಏನಾಗಿದೆಯೋ ಎಂಬ ಚಿಂತೆ ಅವರದು. ಕಟ್ಟಿದ ಇಟ್ಟಿಗೆಯ ಹಿಂದೆಲ್ಲ ತಾರೀಖು ಗೀಚಿದ್ದೀರಾ ಎಂದು ಮಕ್ಕಳನ್ನು ಕೇಳಲು ಮಾತ್ರ ಮರೆಯಲಿಲ್ಲ. ಕೆಲಸಕ್ಕೆ ಹುಟ್ಟಿದ ದಿನ ಬೇಕು ಎಂಬುದು ಮಾವನ ಮೊದಲ ಪಾಠ. ಎರಡನೆಯ ಪಾಠ, ಸುಣ್ಣವನ್ನು ನಾಲಿಗೆಯ ತುದಿಗೆ ತಾಗಿಸಿ ನೋಡುವುದು. ಆ ಪಾಠದ ನಂತರ ಮೂವರಿಗೆ ಒಂದು ವಾರ ಉಪ್ಪು ಸಿಹಿ ಒಂದೇ ಆಗಿತ್ತು.

ಎರಡು ಗಂಟೆಗೆ ಪ್ರಿನ್ಸಿಪಾಲರೂ ಸಿಮೆಂಟು ಸರ್ ಅವರೂ ಬಂದರು.

ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಚಾವಣಿ ನೋಡಿದರು, ಬಿದ್ದರೆ ಓಡಲು ದಾರಿ ಯಾವುದೆಂದು ನೋಡಿದರು, ಆಮೇಲೆ ಒಳಗೆ ಕಾಲಿಟ್ಟರು. ಸಿಮೆಂಟು ಸರ್ ಕೈಯಲ್ಲಿ ಕಾಗದ. ಅವರು ಹಾಲಿನ ನಡುವೆ ಬಂದು, ಮೂವತ್ತೊಂದು ಮಕ್ಕಳನ್ನು ಎಣಿಸುವವರಂತೆ ನೋಡಿದರು.

"ಕ್ಯೂಬಕ್ಕ, ಈ ಮಕ್ಕಳನ್ನ ಮೊದಲು ಹೊರಗೆ ಕಳಿಸಿ. ಮೂರು ಗಾಜು ಒಡೆದಿರೋ ಗೋಡೆ ಕೆಳಗೆ ಪಾಠ ಮಾಡ್ತಾರಾ ಯಾರಾದ್ರೂ?"

"ಒಡೆದಿದ್ದು ಗೋಡೆಯಲ್ಲ ಸರ್. ಯಾರೋ ಒಡೆಸಿದ್ದು."

"ಯಾರು?"

"ಅದನ್ನ ಹೇಳೋಕೇ ಕರೆಸಿದ್ದು."

ಹೊರಗೆ ಪಂಪು ಓಡುತ್ತಲೇ ಇತ್ತು. ಕ್ಯೂಬಕ್ಕ ಎಂಟು ತಿಂಗಳ ಪುಸ್ತಕ ತೆರೆದು ತೋರಿಸಿದಳು. ಸುತ್ತಿಗೆಯ ಏಟಿಗೂ ಮುರಿದ ಗೆರೆಗೂ ವ್ಯತ್ಯಾಸ ಹೇಳಿದಳು. ಮೂರು ಕೀಲಿಯ ಕಥೆ ಹೇಳಿದಳು. ಮೂರನೆಯ ಕೀಲಿಗೆ ಬಂದಾಗ ಹೆಸರು ಹೇಳಲಿಲ್ಲ, ಸುಮ್ಮನೆ ಸಿಮೆಂಟು ಸರ್ ಅವರ ಜೇಬನ್ನೇ ನೋಡಿದಳು. ಪ್ರಿನ್ಸಿಪಾಲರೂ ನೋಡಿದರು. ಮೂವತ್ತೊಂದು ಜೊತೆ ಕಣ್ಣುಗಳೂ ನೋಡಿದವು. ಸಿಮೆಂಟು ಸರ್ ತಾವೇ ಒಮ್ಮೆ ನೋಡಿಕೊಂಡರು.

"ನಾನು ಏಣಿ ಹತ್ತಿ ಗಾಜು ಬದಲಾಯಿಸಿದೆ ಅಂತೀರಾ?"

"ನಾನೇನೂ ಅನ್ನಲ್ಲ ಸರ್. ಈ ನೀರು ಅನ್ನುತ್ತೆ."

ಅವಳು ಶೀಷೆ ಎತ್ತಿಕೊಂಡು ಏಣಿ ಹತ್ತಿದಳು. ಎರಡನೆಯ ಗಾಜು. ಎಡಗಡೆಯ ಬಿಲ್ಲೆಯ ಮೂಲೆಯನ್ನು ಉಗುರಿನಲ್ಲಿ ಕೆರೆದು, ಸಿಂಪಡಿಸಿದಳು.

ಹನಿ ಬಿತ್ತು. ಹರಿಯಿತು. ಗೋಡೆಯುದ್ದಕ್ಕೂ ಇಳಿದು ನೆಲ ಮುಟ್ಟಿತು.

ಬಿಳಿ.

ಅವಳು ಇನ್ನೊಂದು ಸಲ ಸಿಂಪಡಿಸಿದಳು. ಬಿಳಿ. ಬಲಗಡೆಯ ಬಿಲ್ಲೆ. ಬಿಳಿ. ಏಣಿ ಸರಿಸಿ ಐದನೆಯದು, ಆರನೆಯದು. ಮೂರರ ಆರು ಬಿಲ್ಲೆಗಳೂ ಮಲ್ಲಿಗೆಯ ಹಾಗೆ ಬೆಳ್ಳಗೆ ಅವಳನ್ನೇ ನೋಡಿದವು. ಆರೂ ಎಂಟು ತಿಂಗಳ ಹಳೆಯ ಬಿಲ್ಲೆಗಳು. ಯಾರೂ ಮುಟ್ಟಿರಲಿಲ್ಲ. ಗೋಡೆಯೇ ಒಡೆದಿತ್ತು.

ಸಿಮೆಂಟು ಸರ್ ನಗುತ್ತಾರೆ ಎಂದು ಎಲ್ಲರೂ ಕಾದರು. ಅವರು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಪ್ರಿನ್ಸಿಪಾಲರ ಕೈಗೆ ಕೊಟ್ಟರು. ನಗುವಿಗಿಂತ ಅದು ಹೆಚ್ಚು ನೋಯಿಸಿತು.

"ಆದ್ರೆ ಮೇಡಂ."

ಈಗ ಬೇಡ ಎಂದು ಕ್ಯೂಬಕ್ಕ ಕೈ ಮಾಡಿದಳು.

"ಆದ್ರೆ ಮೇಡಂ, ಸರಿ ಇರೋದನ್ನೂ ಪರೀಕ್ಷೆ ಮಾಡಿ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ? ಅನುಮಾನ ಇರೋದನ್ನ ಮಾತ್ರ ನೋಡಿದ್ರೆ ಅದು ಪರೀಕ್ಷೆ ಅಲ್ಲ, ಚಾಡಿ ಅಂತ?"

ಹೌದು, ಹೇಳಿಕೊಟ್ಟಿದ್ದಳು. ಮೊದಲನೆಯ ಮಂಗಳವಾರ, ಮೊದಲನೆಯ ತರಗತಿಯಲ್ಲಿ. ಬಾಯಿಯಿಂದ ಹೋದ ಮಾತು ಎಂಟು ತಿಂಗಳು ಸುತ್ತಾಡಿ ಬಂದು ಕೆನ್ನೆಗೆ ಬಡಿಯಿತು. ಅವಳು ಶೀಷೆಯನ್ನು ಆದ್ರೆಯ ಕೈಗೇ ಕೊಟ್ಟಳು.

ಆದ್ರೆ ಏಣಿಯನ್ನು ನಾಲ್ಕನೆಯ ಗಾಜಿನ ಬಳಿ ಸರಿಸಿದಳು. ಅದು ಒಡೆದಿರಲಿಲ್ಲ. ಶನಿವಾರದ ತನಕವೂ, ಇವತ್ತಿಗೂ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಬಿಲ್ಲೆ ಕೆರೆದು ಸಿಂಪಡಿಸಿದಳು.

ಗೋಡೆಯ ಮೇಲೆ ಒಂದು ಹೂವು ಅರಳಿತು.

ಕಡು ಗುಲಾಬಿ. ಯಾರೋ ಹಿಂದಿನಿಂದ ದೀಪ ಹಚ್ಚಿದಂತೆ. ಮೂವತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದಿಗೆ ಚಾವಣಿಯ ಪಾರಿವಾಳಗಳು ಹಾರಿದವು, ಪ್ರಿನ್ಸಿಪಾಲರು ಬಾಗಿಲ ತನಕ ಹೋಗಿ ಹಿಂತಿರುಗಿದರು. ಆದ್ರೆ ಕೆಳಗಿಳಿಯಲಿಲ್ಲ, ಹೆಚ್ಚುಕಡಿಮೆ ಹಾರಿದಳು. ಒಂದನೆಯ ಗಾಜು: ತೆಳು ಗುಲಾಬಿ, ನಡುವೆ ಮಾತ್ರ. ಮೂರನೆಯದು: ಅದಕ್ಕಿಂತ ಗಾಢ. ಏಳನೆಯದು: ಇನ್ನೂ ಗಾಢ. ಮಕ್ಕಳು ಏಣಿಯನ್ನು ಹೆಗಲ ಮೇಲೆ ಹೊತ್ತು ಓಡಿದರು. ಯಾರೂ ಬನ್ನಿ ಎನ್ನದೆಯೇ ಸಿಮೆಂಟು ಸರ್ ಕೂಡ ಒಂದು ತುದಿಗೆ ಕೈ ಕೊಟ್ಟಿದ್ದರು.

"ಅಂದ್ರೆ," ಎಂದು ಪ್ರಿನ್ಸಿಪಾಲರು ನಿಧಾನವಾಗಿ ಹೇಳಿದರು, "ಒಡೆದ ಗಾಜು ನಿಜ ಹೇಳ್ತಿದೆ. ಒಡೆಯದೇ ಇರೋದು ಸುಳ್ಳು."

ಅಷ್ಟೇ. ಯಾರೋ ಒಡೆದ ಗಾಜು ತೆಗೆದು ಒಡೆಯದ ಗಾಜು ಕೂರಿಸಿದ್ದರು. ಒಂದು ಸಲವಲ್ಲ, ನಾಲ್ಕು ಸಲ, ನಾಲ್ಕು ಬೇರೆ ಬೇರೆ ದಿನ. ಬಣ್ಣವೇ ಹೇಳುತ್ತಿತ್ತು. ಗೋಡೆ ತಿಂಗಳುಗಳಿಂದ ಕೂಗಿಕೊಳ್ಳುತ್ತಿತ್ತು. ಯಾರೋ ಪ್ರತಿ ಸಲವೂ ಅದರ ಬಾಯಿ ಮುಚ್ಚಿದ್ದರು. ಮಕ್ಕಳು ಒಂಬತ್ತು ಗಂಟೆಗೆ ಬಂದು, ಬದಲಾವಣೆ ಇಲ್ಲ ಎಂದು ಬರೆದು ಹೋಗಿದ್ದರು.

ಸಿಮೆಂಟು ಸರ್ ನಾಲ್ಕನೆಯ ಗಾಜಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರು.

"ಇದನ್ನೂ ನನ್ನ ಮೇಲೆ ಹಾಕ್ತೀರಾ? ನನಗೆ ಈ ಗೋಡೆ ಒಡೆದಿದ್ದೇ ಬೇಕು. ಒಡೆಯದೇ ಇರೋದನ್ನ ಯಾಕೆ ಅಂಟಿಸಲಿ? ಮೇಲಾಗಿ," ಇಲ್ಲಿ ಅವರ ದನಿ ಸಣ್ಣದಾಯಿತು, "ಸುಣ್ಣ ಕಲಸೋಕೆ ನನಗೆ ಬರಲ್ಲ. ಯಾರೂ ಕಲಿಸ್ಲಿಲ್ಲ. ನಾನು ಓದಿದ ಐದು ವರ್ಷದಲ್ಲಿ ಸುಣ್ಣಕ್ಕೆ ಒಂದು ಪುಟ ಇತ್ತು, ಅದೂ ಪರೀಕ್ಷೆಗೆ ಬರ್ತಿರಲಿಲ್ಲ."

ಕ್ಯೂಬಕ್ಕ ಕ್ಷಮೆ ಕೇಳಿದಳು. ಮೂವತ್ತೊಂದು ಜನರ ಮುಂದೆ, ಗಟ್ಟಿಯಾಗಿ.

ಸಿಮೆಂಟು ಸರ್ ಹಾಗಿದ್ದರೆ ವಿಷಯ ಇನ್ನೂ ಕೆಟ್ಟಿತಲ್ಲ ಎಂದರು. ಒಂದು ಭಾನುವಾರದ ಅಲುಗಾಟವಲ್ಲ, ತಿಂಗಳುಗಳ ಅಲುಗಾಟ. ಮುದಿ ಗೋಡೆ, ತಾನಾಗಿ ಕುಸಿಯುತ್ತಿದೆ. ರುಜು ಹಾಕುವುದೊಂದೇ ದಾರಿ.

"ಯಾವಾಗಿಂದ ಅಲುಗ್ತಿದೆ ಸರ್?" ಎಂದಳು ಕ್ಯೂಬಕ್ಕ. ಅವಳ ಕಣ್ಣು ಕಿಟಕಿಯಾಚೆ ಹೋಗಿತ್ತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳಿಗೆ ಪಂಪಿನ ಸದ್ದು ಕೇಳಿಸಿತು. "ಗುಂಡಿಯಲ್ಲಿ ಪಂಪು ಹಾಕಿ ಎಷ್ಟು ದಿನ ಆಯ್ತು?"

ಮೂರು ತಿಂಗಳು, ಎಂದರು ಅವರು. ದಿನಾ ಅಲ್ಲ, ಗುಂಡಿಯಲ್ಲಿ ನೀರು ತುಂಬಿದಾಗ ಮಾತ್ರ. ಹೋದ ಶನಿವಾರ, ಭಾನುವಾರ ಎರಡು ದಿನವೂ ಬಿಡದೆ ಓಡಿತ್ತು. ಓಡಿದ ದಿನಗಳನ್ನೆಲ್ಲ ಗುಂಡಿಯ ಪಕ್ಕದ ಹಲಗೆಯ ಮೇಲೆ ಬರೆದಿದೆ. ಹೇಳುತ್ತ ಹೇಳುತ್ತ ಅವರೇ ನಿಂತರು. ಎಷ್ಟಾದರೂ ಎಂಜಿನಿಯರು. ನೆಲದಡಿಯ ನೀರು ಎಳೆದರೆ ನೆಲ ಇಳಿಯುತ್ತದೆ, ನೆಲ ಇಳಿದರೆ ಮೇಲಿನ ಗೋಡೆ ಬಿರಿಯುತ್ತದೆ. ಇದು ಅವರದೇ ಪುಸ್ತಕದ ಪಾಠ.

"ಗಾಜು ಒಡೆದ ದಿನಾನೂ ಪಂಪು ಓಡಿದ ದಿನಾನೂ ಒಂದೇ ಆಗಿದ್ರೆ," ಎಂದಳು ಕ್ಯೂಬಕ್ಕ, "ಕಾಯಿಲೆ ಗೋಡೆಗಲ್ಲ ಸರ್, ಗುಂಡಿಗೆ."

"ಆಗಿದ್ರೆ," ಎಂದರು ಸಿಮೆಂಟು ಸರ್. "ಮೊನ್ನೆ ಭಾನುವಾರದ್ದು ಒಂದು ಸಲ. ಒಂದು ಸಲಕ್ಕೆ ಕಾಕತಾಳೀಯ ಅಂತಾರೆ. ಉಳಿದ ನಾಲ್ಕರದ್ದು? ಬಣ್ಣ ನೋಡಿ ಯಾವುದು ಮೊದಲು ಯಾವುದು ಆಮೇಲೆ ಹೇಳ್ಬಹುದು, ತಾರೀಖು ಹೇಳೋಕಾಗಲ್ಲ. ಬದಲಾಯಿಸಿದವರನ್ನ ಕರ್ಕೊಂಡು ಬನ್ನಿ, ತಾರೀಖು ಕೊಡ್ಲಿ. ಹೊಂದಿದ್ರೆ ಪಂಪನ್ನ ನಾನೇ ನಿಲ್ಲಿಸ್ತೀನಿ, ಈ ಕಾಗದವನ್ನ ನಾನೇ ಹರೀತೀನಿ."

ಪ್ರಿನ್ಸಿಪಾಲರು ಗಡಿಯಾರ ನೋಡಿದರು. ನಾಲ್ಕು ಗಂಟೆಯ ತನಕ ಕಾಯುತ್ತೇನೆ ಎಂದರು. ಯಾರೆಂದು ಗೊತ್ತಾಗಿದೆಯೇ ಎಂದೂ ಕೇಳಿದರು.

ಕ್ಯೂಬಕ್ಕ ಆಗಲೇ ನಾಲ್ಕನೆಯ ಗಾಜಿನ ಬಳಿ ಹತ್ತಿ ನಿಂತಿದ್ದಳು. ಗುಲಾಬಿ ಬಣ್ಣ ಇಳಿದ ಬಿಲ್ಲೆಯ ಮೇಲೆ ಈಗ ಒಂದು ಅಚ್ಚು ಎದ್ದು ಕಾಣುತ್ತಿತ್ತು. ಗಾರೆ ಸವರುವ ಕರಣೆಯಿಂದಲ್ಲ, ಹೆಬ್ಬೆರಳಿನಿಂದ ಒತ್ತಿ ಸವರಿದ ಗುರುತು. ಸಾಮಾನ್ಯ ಹೆಬ್ಬೆರಳಲ್ಲ. ತುದಿ ಚಪ್ಪಟೆ, ಚಮಚೆಯ ಹಾಗೆ ಅಗಲ.

ಆ ಗುರುತನ್ನು ಅವಳು ಹದಿನೆಂಟು ವರ್ಷದಿಂದ ನೋಡುತ್ತಿದ್ದಳು. ಅವಳ ಅಡುಗೆಮನೆಯ ಗೋಡೆಯಲ್ಲಿ, ಬಚ್ಚಲಿನ ಮೂಲೆಯಲ್ಲಿ, ಮೆಟ್ಟಿಲಿನ ಅಂಚಿನಲ್ಲಿ. ಯೌವನದಲ್ಲಿ ಬೆರಳಿನ ಮೇಲೆ ಕಲ್ಲು ಬಿದ್ದು ಚಪ್ಪಟೆಯಾದ ಕಥೆಯನ್ನು ಮಾವ ಅವಳು ಸೊಸೆಯಾಗಿ ಬಂದ ವರ್ಷವೇ ಹೇಳಿದ್ದರು.

ಜ್ವರ. ಅವಳೇ ಹಾಕಿದ ಒದ್ದೆ ಬಟ್ಟೆ. ಮಾವ ಹಾಸಿಗೆಯಲ್ಲಿದ್ದದ್ದು ಅವರ ನಿರಪರಾಧಿತ್ವಕ್ಕೆ ಸಾಕ್ಷಿ ಎಂದುಕೊಂಡಿದ್ದಳು. ಅದೇ ಅಪರಾಧಕ್ಕೆ ಸಾಕ್ಷಿಯಾಗಿತ್ತು. ಮಾವ ಬರಲಾಗದ ಆ ಒಂದು ವಾರಾಂತ್ಯದಲ್ಲಿ ಮಾತ್ರ ಒಡೆದ ಗಾಜು ಒಡೆದೇ ಉಳಿದಿತ್ತು.

ಅವಳು ಏಣಿಯಿಂದ ಇಳಿದು ಹಿಂಬಾಗಿಲಿನಿಂದ ಚಪ್ಪರಕ್ಕೆ ಓಡಿದಳು.

ಮಾವ ಮಗ್ಗಿನಿಂದ ಕಮಾನಿಗೆ ನೀರು ಚಿಮುಕಿಸುತ್ತಿದ್ದರು, ಮಗುವಿಗೆ ಸ್ನಾನ ಮಾಡಿಸುವ ಹಾಗೆ. ಏದುಸಿರು ಬಿಡುತ್ತ ನಿಂತ ಸೊಸೆಯನ್ನು ನೋಡಿ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಕೂರಲು ಸನ್ನೆ ಮಾಡಿದರು. ತಾವೂ ಕೂತರು. ಚೀಲ ಇಬ್ಬರ ನಡುವೆ.

"ಮಾವ, ಆ ಗಾಜು ಬದಲಾಯಿಸಿದ್ದು ನೀವಾ?"

"ಹೂಂ ಕಣಮ್ಮ." ಅವರಿಗೆ ಅದರಲ್ಲಿ ಮುಚ್ಚಿಡುವಂಥದೇನೂ ಕಾಣಲಿಲ್ಲ. "ಬೆಳಿಗ್ಗೆ ಬಂದಾಗ ಒಡೆದಿರೋದು. ಪಾಪ, ಮಕ್ಕಳು ಕಷ್ಟಪಟ್ಟು ಹಾಕಿರೋದು, ನೋಡಿದ್ರೆ ಬೇಜಾರು ಮಾಡ್ಕೋತಾವೆ. ಗಾರೆ ಹದ ಬಂದಿಲ್ಲ, ಅದಕ್ಕೇ ಒಡೀತಿದೆ ಅಂದ್ಕೊಂಡೆ. ನಿನ್ನ ಪೆಟ್ಟಿಗೇಲಿ ಗಾಜು ಇತ್ತಲ್ಲ, ತಗೊಂಡು ಸರಿ ಮಾಡ್ದೆ. ಬಿರುಕು ಕಂಡ್ರೆ ಕೈ ಸುಮ್ನಿರಲ್ಲ ಕಣಮ್ಮ."

ಕ್ಯೂಬಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡು ಯಾವುದೂ ಹೊರಗೆ ಬರಲಿಲ್ಲ. ಮಂಗಳವಾರ ಅವಳ ಪಾಠ: ಅಳತೆ, ಗಾಜು, ಪುಸ್ತಕ. ಗುರುವಾರ ಮಾವನ ಪಾಠ: ಸುಣ್ಣ, ಮರಳು, ಕೈ. ಮಂಗಳವಾರ ಮಾವನನ್ನು ಯಾರೂ ಕರೆದಿರಲಿಲ್ಲ. ಮೂವತ್ತೊಂದು ಮಕ್ಕಳಿಗೆ ಮೂವತ್ತೊಂದು ಸಲ ಹೇಳಿದ ಮಾತನ್ನು, ಒಂದೇ ಮನೆಯಲ್ಲಿ ಒಂದೇ ಪಾತ್ರೆಯಿಂದ ಊಟ ಬಡಿಸಿಕೊಳ್ಳುವ ಮನುಷ್ಯನಿಗೆ ಅವಳು ಹೇಳಿರಲಿಲ್ಲ. ಮೇಸ್ತ್ರಿಗೆ ಅದೆಲ್ಲ ಯಾಕೆ ಎಂದು ಯಾರೂ ಅಂದುಕೊಂಡಿರಲಿಲ್ಲ, ಅಂದುಕೊಳ್ಳುವಷ್ಟೂ ಯೋಚಿಸಿರಲಿಲ್ಲ.

"ಮಾವ, ಆ ಗಾಜು ಇರೋದೇ ಒಡೆಯೋಕೆ," ಎಂದಳು. "ಗೋಡೆ ಅಲುಗಿದ್ರೆ ಅದು ಒಡೆದು ಹೇಳ್ಬೇಕು. ಅದು ಗೋಡೆಯ ನಾಲಿಗೆ."

ಮಾವನ ಕೈಯ ಮಗ್ಗು ಅಲ್ಲೇ ನಿಂತಿತು. ಕಮಾನಿನಿಂದ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಬೆರಳು ಎಂಬಂತೆ.

ಮಾವನ ಮುಖ ನೋಡುವುದಾಗದೆ ಕ್ಯೂಬಕ್ಕ ನೆಲ ನೋಡುತ್ತ ಮಾತಾಡಿದಳು. ಬೇಗ ಬೇಗ ಹೇಳಿದಳು: ನಾಲ್ಕು ಗಂಟೆ, ರುಜು, ಪಂಪು, ಗುಂಡಿಯ ಪಕ್ಕದ ಹಲಗೆಯ ಮೇಲಿನ ತಾರೀಖು. ನಿಮ್ಮ ತಪ್ಪಲ್ಲ, ನನ್ನದು ಎಂದಳು. ಹಾಲು ಉಳಿಯಬೇಕಾದರೆ ಆ ನಾಲ್ಕು ದಿನ ಯಾವುವು ಎಂದು ತಿಳಿಯಬೇಕು, ನೆನಪು ಮಾಡಿಕೊಳ್ಳಿ ಎಂದಳು. ಹೀಗೆ ಹೇಳುತ್ತಿದ್ದಾಗಲೇ ಅವಳ ಕಣ್ಣು ಕಮಾನಿನ ಹಿಂಬದಿಗೆ ಬಿತ್ತು. ಪ್ರತಿ ಇಟ್ಟಿಗೆಯ ಮೇಲೂ ಮೊಳೆಯಿಂದ ಗೀಚಿದ ತಾರೀಖು. ಕೆಲಸಕ್ಕೆ ಹುಟ್ಟಿದ ದಿನ ಬೇಕು.

ಅವಳು ತಟಕ್ಕನೆ ಚೀಲದತ್ತ ತಿರುಗಿದಳು.

ಮಾವ ಎದ್ದು ನಿಂತಿದ್ದರು. ಚೀಲ ಎತ್ತಿದರು. ಅದು ಕಿಣಿಕಿಣಿ ಎಂದಿತು. ಕರಣೆಗೆ ಅಂಥ ದನಿಯಿಲ್ಲ, ದಾರ ಕಟ್ಟಿದ ತೂಗುಗುಂಡಿಗೆ ಇಲ್ಲ, ಉಳಿಗೆ ಇಲ್ಲ. ಅದು ತಗಡಿನ ಡಬ್ಬಿಯೊಳಗೆ ಗಾಜಿಗೆ ಗಾಜು ತಾಗುವ ದನಿ.

"ಮಾವ, ನೀವು ಯಾವ ಕೆಲಸಕ್ಕೂ ತಾರೀಖು ಗೀಚದೆ ಬಿಟ್ಟವರಲ್ಲ," ಎಂದಳು ಕ್ಯೂಬಕ್ಕ. ಅವರು ಆಗಲೇ ಚಪ್ಪರದ ಆಚೆಗಿದ್ದರು. ನಡೆದದ್ದು ಪ್ರಿನ್ಸಿಪಾಲರಿದ್ದ ಹಾಲಿನ ಕಡೆಗಲ್ಲ, ಮನೆಗೆ ಹೋಗುವ ಗೇಟಿನ ಕಡೆಗೂ ಅಲ್ಲ. ನೆಟ್ಟಗೆ, ಜ್ವರದಿಂದೆದ್ದವರು ಇಡಬಾರದ ಹೆಜ್ಜೆಯಿಡುತ್ತ, ಪಂಪು ಡುಗುಡುಗಿಸುತ್ತಿದ್ದ ಗುಂಡಿಯ ಪಕ್ಕದ ಆ ತಾರೀಖಿನ ಹಲಗೆಯ ಕಡೆಗೆ. "ಹಾಗಾದ್ರೆ ನೀವು ಆ ಡಬ್ಬಿಯಲ್ಲಿ ಎತ್ತಿಟ್ಟಿರೋ ಒಡೆದ ಗಾಜಿನ ಬೆನ್ನ ಮೇಲೆ ಆ ನಾಲ್ಕು ತಾರೀಖು... ಮಾವ, ನಾನಿನ್ನೂ ಮಾತಾಡ್ತಿದ್ದೀನಿ, ಆ ಗುಂಡಿ ಅಂಚಿಗೆ ಮಾತ್ರ ಹೋಗ್ಬೇಡಿ, ಅಲ್ಲಿ ನೆಲ ಇಳೀತಿದೆ!"